ದೇವರ ಗೂಡಿನ ಹಳದಿ ಬಾವುಟ

ಒಬ್ಬೊಬ್ಬರಿಗೆ ಒಂದೊಂದು ಚಟ. ಕೆಲವರಿಗೆ ನಶ್ಯ, ಕೆಲವರಿಗೆ ಇಸ್ಪೀಟು, ದುಬೈಗೆ ಬಂದ ಮೇಲೆ ಬಹುಪಾಲು ಜನರಿಗೆ ಏನೂ ಕೊಳ್ಳದೆ ಮಾಲು ಸುತ್ತುವುದು. ನನ್ನದು ಬೇರೆಯವರ ತಪ್ಪು ಕಂಡುಹಿಡಿಯುವ ಚಟ. ಇದಕ್ಕೆ ಬಂಡವಾಳ ಬೇಡ, ಜೊತೆಗಾರರು ಬೇಡ, ವಯಸ್ಸಿನ ಅಡ್ಡಿಯೂ ಇಲ್ಲ. "ಮೊಸರಲ್ಲಿ ಕಲ್ಲು ಹುಡುಕ್ತೀಯಲ್ಲೋ" ಎಂದು ನಮ್ಮಮ್ಮ ಬೈಯುತ್ತಿದ್ದರು. ಒಂದು ದಿನ ಮೊಸರಿನಲ್ಲಿ ನಿಜವಾಗಿಯೂ ಕಲ್ಲುಪ್ಪಿನ ಹರಳೊಂದು ಹಲ್ಲಿಗೆ ಸಿಕ್ಕಿತು. ಅವತ್ತು ನನಗಾದ ಸಂತೋಷ ಮದುವೆಯ ದಿನವೂ ಆಗಿರಲಿಲ್ಲ. ಈ ಒಂದು ಸಾಲನ್ನು ನನ್ನ ಹೆಂಡತಿ ಸುಮನಾ ಓದದೇ ಇದ್ದರೆ ಸಾಕು.

ಇಂಥ ನನ್ನ ಕೈಗೆ ಅಮೆರಿಕನ್ ಫುಟ್‌ಬಾಲ್ ಸಿಕ್ಕಿದ್ದು ನಮ್ಮ ಮ್ಯಾನೇಜರ್ ಡಗ್ ಅವರಿಂದ. ನಾನು ಜೆಬೆಲ್ ಅಲಿಯ ಒಂದು ಗೋದಾಮಿನ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಡಗ್ ಅಮೆರಿಕದವರು. ನಮ್ಮ ಟೀಮಿಗೆ ಶಿಸ್ತು ಕಲಿಸಬೇಕೆಂದು ಅವರು ಪ್ರತಿ ಸೋಮವಾರ ಊಟದ ಹೊತ್ತಿನಲ್ಲಿ ಪ್ಯಾಂಟ್ರಿಯ ದೊಡ್ಡ ಟಿವಿಯಲ್ಲಿ ಮ್ಯಾಚಿನ ರೆಕಾರ್ಡಿಂಗ್ ಹಾಕುತ್ತಿದ್ದರು. ಮೊದಲ ಎರಡು ವಾರ ನನಗೆ ತಲೆಬುಡ ತಿಳಿಯಲಿಲ್ಲ. ಹೆಸರು ಫುಟ್‌ಬಾಲ್, ಚೆಂಡು ಮಾತ್ರ ಸದಾ ಕಂಕುಳಲ್ಲಿ. ನಾಲ್ಕು ಸೆಕೆಂಡ್ ಆಡುತ್ತಾರೆ, ನಲವತ್ತು ಸೆಕೆಂಡ್ ಸಭೆ ಸೇರುತ್ತಾರೆ. ನಮ್ಮ ಆಫೀಸೂ ಹೀಗೇ ನಡೆಯುವುದರಿಂದ ಅದೊಂದು ಮಾತ್ರ ಬೇಗ ಅರ್ಥವಾಯಿತು.

ಮೂರನೆಯ ವಾರ ನನ್ನ ಕಣ್ಣು ತೆರೆಯಿತು. ಆಟಗಾರನೊಬ್ಬ ಚೆಂಡು ಎತ್ತುವ ಮೊದಲೇ ಒಂದು ಹೆಜ್ಜೆ ಅಲುಗಿಸಿದ. ತಕ್ಷಣ ಪಟ್ಟೆ ಅಂಗಿಯ ಅಂಪೈರು ಸೊಂಟದಿಂದ ಹಳದಿ ಬಟ್ಟೆಯೊಂದನ್ನು ಎಳೆದು ಮೇಲಕ್ಕೆ ಎಸೆದ! ದೂರ ಹೋಗಿ ಬೀಳಲಿ ಎಂದು ಆ ಬಟ್ಟೆಯೊಳಗೆ ಮರಳಿನ ಗಂಟು ಬೇರೆ. ಆಮೇಲೆ ಮೈಕು ಹಚ್ಚಿಕೊಂಡು, ಇಂಥ ನಂಬರಿನವನು ಇಂಥ ತಪ್ಪು ಮಾಡಿದ ಎಂದು ಇಡೀ ಸ್ಟೇಡಿಯಮ್ಮಿಗೆ ಸಾರಿದ. ತಪ್ಪು ಒಬ್ಬನದು, ಐದು ಗಜ ಹಿಂದೆ ಸರಿಯಬೇಕಾದವರು ಹನ್ನೊಂದು ಜನ. ದೊಡ್ಡ ತಪ್ಪಾದರೆ, ಅದಕ್ಕೆ ಪರ್ಸನಲ್ ಫೌಲ್ ಎನ್ನುತ್ತಾರೆ, ಹದಿನೈದು ಗಜ. ಅಯ್ಯೋ ದೇವರೇ, ತಪ್ಪು ಹಿಡಿಯುವವನಿಗೆ ಸಮವಸ್ತ್ರ, ಸೀಟಿ, ಬಾವುಟ, ಮೈಕು, ಎಲ್ಲ ಕೊಟ್ಟು ಗೌರವಿಸುವ ಆಟವೊಂದು ಭೂಮಿಯ ಮೇಲಿದೆ, ನನಗೆ ಯಾರೂ ಹೇಳಿರಲಿಲ್ಲ! ನನ್ನ ಕಣ್ಣಲ್ಲಿ ನೀರು ಬಂತು. "ಕೈಕಾಲು ಗಟ್ಟಿ ಇರೋ ಟೀಮು ಗೆಲ್ಲೋದಿಲ್ಲ, ಕಡಿಮೆ ಬಾವುಟ ಬೀಳೋ ಟೀಮು ಗೆಲ್ಲುತ್ತೆ" ಎಂದರು ಡಗ್. ನನ್ನ ಭಕ್ತಿ ನೋಡಿ ಒಂದು ಬಾವುಟವನ್ನೂ ಉಡುಗೊರೆ ಕೊಟ್ಟರು. ಮಾರನೆಯ ದಿನವೇ ಅದನ್ನು ಪಕ್ಕದ ಮೇಜಿನ ಉಡುಪಿಯ ಶೆಟ್ಟರ ಮೇಲೆ ಎಸೆದೆ. ಅವರು ನನ್ನ ಸ್ಟೇಪ್ಲರ್ ಕೇಳದೆ ತೆಗೆದುಕೊಂಡಿದ್ದರು. "ಎಂತ ಮಾರಾಯ್ರೆ, ಒಂದು ಪಿನ್ನಿಗೆ ಧ್ವಜಾರೋಹಣವಾ? ಯಲ್ಲಾ, ನಡೀರಿ, ಇದನ್ನು ಮನೆಗೆ ತಕೊಂಡು ಹೋಗಿ" ಎಂದರು ಶೆಟ್ಟರು. ತೆಗೆದುಕೊಂಡು ಹೋದೆ.

ಅಲ್ ಬರ್ಷಾದ ನಮ್ಮ ಒಂದು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಐದು ಗಜ ಎಂದರೆ ಸೋಫಾದಿಂದ ಅಡುಗೆಮನೆ, ಹತ್ತು ಗಜ ಎಂದರೆ ಬಚ್ಚಲು. ಹದಿನೈದು ಗಜ ಹಾಕಿದರೆ ಮನುಷ್ಯ ಮನೆಯಿಂದ ಹೊರಬಿದ್ದು ಲಿಫ್ಟಿನ ಎದುರು ನಿಲ್ಲುತ್ತಾನೆ. ಮೊದಲ ವಾರ ಎಲ್ಲರಿಗೂ ಬಲು ಮೋಜು. ಹತ್ತು ವರ್ಷದ ಮಗಳು ಅದಿತಿ ನಿಯಮಗಳನ್ನೆಲ್ಲ ನನಗಿಂತ ಚೆನ್ನಾಗಿ ಕಲಿತಳು. ತಪ್ಪಾದಾಗ ಎದುರು ಟೀಮಿನವರು ದೊಡ್ಡ ಮನಸ್ಸು ಮಾಡಿ "ಶಿಕ್ಷೆ ಬೇಡ" ಎನ್ನಬಹುದು, ಅದಕ್ಕೆ ಡಿಕ್ಲೈನ್ ಎನ್ನುತ್ತಾರೆ ಎಂದು ಅಮ್ಮನಿಗೆ ವಿವರಿಸಿದವಳೂ ಅವಳೇ. ಎರಡನೆಯ ವಾರ ಸಾರಿಗೆ ಉಪ್ಪು ಹೆಚ್ಚಾಯಿತೆಂದು ಬಾವುಟ ಎಸೆದೆ. ಮೂರನೆಯ ವಾರ ಸುಮನಾ ಫೋನಿನಲ್ಲಿ ತಂಗಿಯೊಡನೆ ಮುಕ್ಕಾಲು ಗಂಟೆ ಮಾತಾಡಿದಳೆಂದು, ಆಟ ತಡ ಮಾಡಿದ ಆರೋಪದ ಮೇಲೆ ಎಸೆದೆ. ನಾಲ್ಕನೆಯ ವಾರ ನಗುತ್ತಿದ್ದವನು ನಾನೊಬ್ಬನೇ. ಆದರೆ ಅಂಪೈರಿಗೆ ಜನಪ್ರಿಯತೆ ಮುಖ್ಯವಲ್ಲ ಎಂದುಕೊಂಡು ಕರ್ತವ್ಯ ಮುಂದುವರಿಸಿದೆ.

ಜನವರಿಯಲ್ಲಿ ಮೈಸೂರಿನಿಂದ ನಮ್ಮ ಅತ್ತೆ ಹದಿನೈದು ದಿನಕ್ಕೆಂದು ಬಂದರು. ಹಿಂದಿನ ದಿನ ಸುಮನಾ ಬಾವುಟವನ್ನು ಒಗೆದು ಎಲ್ಲೋ ಬಚ್ಚಿಟ್ಟಳು. ಬಂದು ನನ್ನ ಎದುರು ನಿಂತಳು. ಅವಳು ಕೂಗಾಡಿದರೆ ನನಗೆ ಭಯವಿಲ್ಲ, ಮೆಲ್ಲಗೆ ಮಾತಾಡಿದರೆ ಕೈಕಾಲು ತಣ್ಣಗಾಗುತ್ತದೆ. ಮೆಲ್ಲಗೇ ಹೇಳಿದಳು: "ರೀ, ನನ್ನ ಮೇಲೆ ಎಸೆದ್ರಿ, ಮಗು ಮೇಲೆ ಎಸೆದ್ರಿ, ಸಹಿಸ್ಕೊಂಡೆ. ಅಮ್ಮನ ಮೇಲೇನಾದ್ರೂ ಎಸೆದ್ರೆ, ನಾನೂ ಅವರ ಜೊತೇಲೇ ಮೈಸೂರಿಗೆ ಹೋಗ್ತೀನಿ. ತಮಾಷೆ ಅಲ್ಲ." ತಮಾಷೆ ಅಲ್ಲವೆಂದು ಅವಳ ಮುಖ ನೋಡಿದರೇ ತಿಳಿಯುತ್ತಿತ್ತು. ಅವಳಿಲ್ಲದ ಈ ಊರನ್ನು ನೆನೆಸಿಕೊಂಡೆ. ಎಷ್ಟು ದೀಪ, ಎಷ್ಟು ಎತ್ತರದ ಕಟ್ಟಡ ಇದ್ದರೇನು, ನನಗೆ ಇದು ಊರಾಗಿರುವುದು ಅವಳಿಂದ. ದೇವರಾಣೆ ಇಲ್ಲ ಎಂದೆ.

ಹನ್ನೊಂದು ದಿನ ಮಾತು ಉಳಿಸಿಕೊಂಡೆ. ಅದೇನು ಸಾಮಾನ್ಯ ತಪಸ್ಸಲ್ಲ. ಅತ್ತೆ ಟಿವಿಗೆ ಅಡ್ಡ ನಿಂತು, "ಪಾಪ, ಒಬ್ಬನ ಮೇಲೆ ಅಷ್ಟು ಜನ ಬೀಳ್ತಾರಲ್ಲ, ಬಿಡಿಸೋರು ಯಾರೂ ಇಲ್ವೇ ಅಳಿಯಂದ್ರೆ?" ಎಂದರು, ಸಹಿಸಿದೆ. ಗಜ ಎಂದರೆ ಸೀರೆ ಅಳೆಯುವುದಲ್ಲವೇ ಎಂದರು, ಸಹಿಸಿದೆ. ಹನ್ನೆರಡನೆಯ ದಿನ ಸಂಕ್ರಾಂತಿ, ಭಾನುವಾರ. ನಮ್ಮ ಮನೆಯಲ್ಲಿ ಜಾಗದ ಅಭಾವದಿಂದ ದೇವರಿಗೂ ಟಿವಿಗೂ ಒಂದೇ ಷೋಕೇಸು, ಮೇಲಿನ ಗೂಡಿನಲ್ಲಿ ತಿಮ್ಮಪ್ಪ, ಕೆಳಗೆ ಟಿವಿ. ಬೆಳಿಗ್ಗೆ ದೀಪಕ್ಕೆ ಎಣ್ಣೆ ಹಾಕುವಾಗ ತಿಮ್ಮಪ್ಪನ ಪಟದ ಹಿಂದೆ ಹಳದಿ ಬಟ್ಟೆಯ ಗಂಟೊಂದು ಕಂಡಿತು. ಆಹಾ, ದೇವರ ಹಿಂದಿಟ್ಟರೆ ಇವನು ಮುಟ್ಟಲಾರ ಎಂದುಕೊಂಡಿದ್ದಾಳೆ, ಜಾಣೆ! ಮುಟ್ಟಲಿಲ್ಲ. ನೋಡಿ ಸುಮ್ಮನೆ ನಕ್ಕೆ.

ಪೂಜೆಗೆ ಎಲ್ಲ ಸಿದ್ಧವಾಗಿತ್ತು. ಸುಮನಾ ಒಳಗೆ ಸೀರೆ ಉಡುತ್ತಿದ್ದಳು. ಅತ್ತೆ ಊಟದ ಮೇಜಿನ ಮುಂದೆ ಸಿಹಿ ಹುಗ್ಗಿಯ ಪಾತ್ರೆ ಇಟ್ಟುಕೊಂಡು ಕೂತಿದ್ದರು. ಇನ್ನೂ ನೈವೇದ್ಯ ಆಗಿಲ್ಲ. ಮಡಿ, ಆಚಾರ ಎಂದು ಹನ್ನೊಂದು ದಿನ ನನಗೆ ಪಾಠ ಹೇಳಿದ ಅದೇ ಅತ್ತೆ ಆ ಕಡೆ ಈ ಕಡೆ ನೋಡಿ, ಒಂದು ಚಮಚ ಹುಗ್ಗಿ ತೆಗೆದು ಬಾಯಿಗೆ ಹಾಕಿಕೊಂಡರು! ಚೆಂಡು ಎತ್ತುವ ಮೊದಲೇ ಅಲುಗಾಟ! ಇಂಥ ಅಪ್ಪಟ ತಪ್ಪು ಟಿವಿಯಲ್ಲೂ ನಾನು ನೋಡಿರಲಿಲ್ಲ. ನನ್ನ ಕೈ ನನ್ನ ಮಾತು ಕೇಳಲಿಲ್ಲ. ಗೂಡಿನಿಂದ ಹಳದಿ ಗಂಟನ್ನು ಎಳೆದು, "ಐದು ಗಜ!" ಎಂದು ಕೂಗಿ ಎಸೆದೇಬಿಟ್ಟೆ. ಅದು ಅತ್ತೆಯ ಭುಜಕ್ಕೆ ತಗುಲಿ, ಹುಗ್ಗಿಯ ಪಾತ್ರೆಯ ಅಂಚಿಗೆ ಬಡಿದು ಮಡಿಲಿಗೆ ಬಿತ್ತು. ಬಡಿದಾಗ ಠಣ್ ಎಂದಿತು. ಮರಳಿನ ಗಂಟು ಠಣ್ ಎನ್ನುವುದಿಲ್ಲವಲ್ಲ ಎಂದು ನನಗೆ ಹೊಳೆಯುವಷ್ಟರಲ್ಲಿ ಅತ್ತೆ ಅದನ್ನು ಕಣ್ಣಿಗೊತ್ತಿಕೊಂಡು, "ಗೋವಿಂದಾ! ಮುಡಿಪು ಕಣ್ರೀ ಇದು! ಬೆಲ್ಲ ಸಾಕೇ ಅಂತ ನೋಡಿದ್ದಕ್ಕೆ ತಿಮ್ಮಪ್ಪ ಮುಡಿಪಿನಲ್ಲೇ ಹೊಡೆದ್ನಲ್ಲಪ್ಪಾ!" ಎಂದು ಗಲ್ಲ ಬಡಿದುಕೊಂಡರು. ಹೌದು, ಅರಿಶಿನದಲ್ಲಿ ಅದ್ದಿದ ಬಟ್ಟೆ, ಒಳಗೊಂದು ದಿರ್ಹಂ ನಾಣ್ಯ. ದೇವರಿಗೆ ಹರಕೆ ಕಟ್ಟಿಟ್ಟದ್ದನ್ನು ನಾನು ಅತ್ತೆಗೆ ಎಸೆದಿದ್ದೆ.

ಸುಮನಾ ಸೀರೆಯ ನೆರಿಗೆ ಕೈಯಲ್ಲಿ ಹಿಡಿದುಕೊಂಡೇ ಓಡಿಬಂದಳು. "ಯಾರದೇ ಹರಕೆ? ಯಾತಕ್ಕೆ ಕಟ್ಟಿದ್ದೆ?" ಎಂದು ಅತ್ತೆ ಕೇಳಿದರು. ಸುಮನಾ ನನ್ನನ್ನು ನೋಡಿದಳು. "ಇವರು ಎಲ್ಲರಲ್ಲೂ ತಪ್ಪು ಹುಡುಕೋದು ಬಿಡಲಿ, ಬೆಟ್ಟ ಹತ್ತಿಸ್ತೀನಿ ಅಂತ. ಆ ಬಾವುಟ ಮನೆಗೆ ಬಂದ ನಾಲ್ಕನೇ ವಾರ ಕಟ್ಟಿದ್ದಮ್ಮ." ಅದಿತಿ ಬಾಗಿಲು ತೋರಿಸಿ, "ಪರ್ಸನಲ್ ಫೌಲ್, ಅಪ್ಪಾ. ಫಿಫ್ಟೀನ್ ಯಾರ್ಡ್ಸ್" ಎಂದಳು.

ಪಂಚೆಯಲ್ಲೇ ಹೋಗಿ ಲಿಫ್ಟಿನ ಎದುರು ನಿಂತೆ. ಎರಡು ಸಲ ಲಿಫ್ಟು ತೆರೆಯಿತು, ಎರಡು ಸಲವೂ ಒಳಗಿದ್ದವರು ನನಗೆ ಜಾಗ ಬಿಟ್ಟರು, ಎರಡು ಸಲವೂ "ಇಲ್ಲ, ನಾನು ಇಲ್ಲೇ" ಎಂದೆ. ಮೈಸೂರಿಗೆ ಒಂದು ಟಿಕೆಟೋ, ಮೂರೋ ಎಂದು ಲೆಕ್ಕ ಹಾಕುತ್ತಿದ್ದೆ. ಅಷ್ಟರಲ್ಲಿ ಒಳಗಿನಿಂದ ನಗು ಕೇಳಿಸಿತು. ಮೊದಲು ಅತ್ತೆಯದು, ಅದರ ಮೇಲೆ ಸುಮನಾಳದು, ತಡೆಯಲಾರದೆ ಬಿದ್ದು ಬಿದ್ದು ನಗುವ ನಗು. ಎರಡು ತಿಂಗಳಿಂದ ಆ ನಗು ಕೇಳಿರಲಿಲ್ಲ ಎಂದು ಆಗ ಹೊಳೆಯಿತು, ನನ್ನ ಮೇಲೆ ನನಗೇ ನಾಚಿಕೆಯಾಯಿತು. ಅದಿತಿ ಓಡಿಬಂದು ಬಾಗಿಲಲ್ಲಿ ನಿಂತಳು. "ಅಪ್ಪಾ, ಅಮ್ಮ ಡಿಕ್ಲೈನ್ಡ್ ಇಟ್! ಅಜ್ಜಿ ಆಲ್ಸೋ! ಬಾ, ಹುಗ್ಗಿ ಆರುತ್ತೆ" ಎಂದು ಎರಡೂ ಕೈಗಳನ್ನು ತಲೆಯ ಮೇಲೆ ಎತ್ತಿ ಅಡ್ಡಡ್ಡ ಆಡಿಸಿದಳು.

ಓಡಿ ಒಳಗೆ ಹೋದೆ. ಅತ್ತೆಯ ಕಾಲಿಗೆ ಬಿದ್ದೆ, ತಿಮ್ಮಪ್ಪನಿಗೆ ಕೈಮುಗಿದೆ, ಸುಮನಾಳ ಮುಂದೆ ನಿಂತು ಇನ್ನು ಜನ್ಮದಲ್ಲಿ ಯಾರ ತಪ್ಪೂ ಎತ್ತುವುದಿಲ್ಲ ಎಂದೆ. ಮನಸ್ಸು ಹಗುರಾಗಿ ಕೂತು, ಎಲ್ಲ ಸರಿಹೋಯಿತೆಂಬ ಖುಷಿಯಲ್ಲಿ ಮಗಳಿಗೆ ಹೇಳಿದೆ: "ಆದ್ರೂ ಪುಟ್ಟಿ, ಡಿಕ್ಲೈನ್ ಅನ್ನೋವಾಗ ಕೈ ಸೊಂಟದ ಹತ್ರ ಆಡಿಸ್ಬೇಕು. ನೀನು ತಲೆ ಮೇಲೆ ಆಡಿಸಿದೆ. ಅದು ತಪ್ಪು."

ಅತ್ತೆ ಬಾಯಿಯ ಹತ್ತಿರ ತಂದ ಚಮಚವನ್ನು ಕೆಳಗಿಟ್ಟರು. ಸುಮನಾ ಎದ್ದು ಹೋಗಿ ಪರ್ಸಿನಿಂದ ಇನ್ನೊಂದು ದಿರ್ಹಂ ತೆಗೆದು, ಅದೇ ಹಳದಿ ಬಟ್ಟೆಗೆ ಎರಡನೆಯ ಗಂಟು ಹಾಕಿದಳು.