ಜಗಳವಾಡಲು ಒಪ್ಪದ ನಾಯಕಿಯರು

ನಮ್ಮ ಮನೆಯಲ್ಲಿ ಯಾವುದಕ್ಕೆ ಬರ ಬಂದರೂ ಜಗಳಕ್ಕೆ ಬಂದಿಲ್ಲ. ಅಡುಗೆಮನೆಯ ಕಿಟಕಿ ಅಮ್ಮನಿಗೆ ಮುಚ್ಚಿರಬೇಕು, ನನ್ನ ಹೆಂಡತಿಗೆ ತೆರೆದಿರಬೇಕು. ಎಣ್ಣೆ ಸೀಗೇಕಾಯಿ ನಂಟು. ಬಿಡಿಸಿ ಬಿಡಿಸಿ ಸುಸ್ತಾದ ನನಗೆ ಒಂದು ದಿನ ಜ್ಞಾನೋದಯವಾಯಿತು. ಬಿಡಿಸುವುದೇಕೆ, ಇದನ್ನೇ ಹಾಸ್ಯಚಿತ್ರ ಮಾಡಿದರಾಯಿತಲ್ಲ! (ನಟಿಯರಿಗೆ ಸಂಭಾವನೆಯಿಲ್ಲ, ಊಟವನ್ನೂ ಅವರೇ ಬೇಯಿಸಿಕೊಳ್ಳುತ್ತಾರೆ.)

ಭಾನುವಾರ ಚಿತ್ರಸಂಘದಲ್ಲಿ ಹವ್ಯಾಸಿಗಳ ಕಿರುಚಿತ್ರ ಪ್ರದರ್ಶನವಿತ್ತು. ನಾನು ಹೆಸರು ಕೊಟ್ಟದ್ದಲ್ಲದೆ ಇಡೀ ಆಫೀಸಿನ ಮುಂದೆ ಕೊಚ್ಚಿಕೊಂಡೂ ಆಗಿತ್ತು. ನನ್ನ ಮಾನ ಉಳಿಯಬೇಕಾದರೆ ಶನಿವಾರದೊಳಗೆ ಅತ್ತೆ ಸೊಸೆ ಕ್ಯಾಮೆರಾ ಮುಂದೆ ಜಗಳವಾಡಲೇಬೇಕು. ಛಾಯಾಗ್ರಾಹಕ ನನ್ನ ಭಾಮೈದ. ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಫೋಟೋ ತೆಗೆಯುವವನು. ಕ್ಯಾಮೆರಾ ಮುಟ್ಟಿದರೆ ಸಾಕು, "ಗದ್ದ ಸ್ವಲ್ಪ ಮೇಲೆ" ಎನ್ನುತ್ತಾನೆ.

"ಆಕ್ಷನ್" ಎಂದೆ.

"ನಿನಗೆ ಸೆಕೆಯಾಗುತ್ತೆ, ಕಿಟಕಿ ತೆಗೆದೇ ಇರಲಿ ಬಿಡಮ್ಮ" ಎಂದಳು ಅಮ್ಮ.

"ಬೇಡ ಅತ್ತೆ, ನಿಮಗೆ ನೆಗಡಿಯಾಗುತ್ತೆ. ಮುಚ್ತೀನಿ" ಎಂದಳು ಹೆಂಡತಿ.

ನಾನು ದಂಗಾದೆ. ಬೆಳಗ್ಗೆ ತಾನೇ ಇದೇ ಕಿಟಕಿಗಾಗಿ ಮಹಾಯುದ್ಧ ನಡೆದಿತ್ತು. ಕ್ಯಾಮೆರಾದ ಒಂದು ಗಾಜಿನ ಕಣ್ಣಿಗೆ ಇಷ್ಟು ಶಕ್ತಿಯೇ? ನನಗೆ ಸಿಟ್ಟಿಗಿಂತ ಕುತೂಹಲವೇ ಹೆಚ್ಚಾಗಿ, ಕಾರಣ ಕೇಳಿದೆ.

"ನಾಲ್ಕು ಜನ ನೋಡೋದಲ್ವೇನೋ? ಗಯ್ಯಾಳಿ ಅನ್ನಲ್ವಾ?" ಎಂದಳು ಅಮ್ಮ.

"ನನ್ನ ತವರಿನೋರೂ ನೋಡ್ತಾರೆ ರೀ" ಎಂದಳು ಇವಳು.

ಸಂಜೆಯವರೆಗೂ ಮನೆಯಲ್ಲಿ ಮಾತೆಲ್ಲ ಬೆಣ್ಣೆ. ಅಮ್ಮ ಸೊಸೆಯ ತಲೆ ಕೂಡ ಸವರಿದಳು. ಇನ್ನು ನಾನೇ ಅಭಿನಯಿಸಿ ತೋರಿಸದೆ ಗತಿಯಿರಲಿಲ್ಲ. ಮೊದಲು ಅಮ್ಮನಂತೆ ಮೂಗೇರಿಸಿ ಕಿರುಚಿದೆ. ಆಮೇಲೆ ಹೆಂಡತಿಯಂತೆ ಸೊಂಟಕ್ಕೆ ಕೈಯಿಟ್ಟು ಪಾತ್ರೆ ಕುಕ್ಕಿದೆ. ನಿಜ ಹೇಳಬೇಕೆಂದರೆ ಬಹಳ ಚೆನ್ನಾಗಿ ಬಂತು.

"ನಾನು ಹೀಗೇನೋ ಕಿರುಚೋದು?" ಅಮ್ಮ ಎದ್ದಳು.

"ನೋಡಿದ್ರಾ ಅತ್ತೆ, ನಿಮ್ಮ ಮಗನ ಬುದ್ಧಿ?"

"ಚಿಕ್ಕಂದಿನಿಂದ ಹೀಗೇ ಕಣಮ್ಮ. ನಿನ್ನ ತಲೆಗೆ ಕಟ್ಟಿದ್ದು ನನ್ನದೇ ತಪ್ಪು."

ಮುಂದಿನದನ್ನು ವಿವರಿಸಲಾರೆ. ಹಾಸಿಗೆ ಮೇಲಿನ ಒದ್ದೆ ಟವೆಲಿನಿಂದ ಹಿಡಿದು ನನ್ನ ಗೊರಕೆಯವರೆಗೆ ಇಬ್ಬರೂ ಸರದಿಯ ಮೇಲೆ ಜಾಲಾಡಿದರು. ನಾನು ಬಾಗಿಲ ಹಿಂದೆ ಸರಿದೆ. ಭಾಮೈದ ಗದ್ದದ ವಿಷಯ ಮರೆತು ಎಲ್ಲವನ್ನೂ ಚಿತ್ರೀಕರಿಸಿಕೊಂಡ. ಬೇರೆ ದೃಶ್ಯವೂ ಸಮಯವೂ ಇಲ್ಲದ್ದರಿಂದ ಅದನ್ನೇ ಕಳಿಸಬೇಕಾಯಿತು.

ಭಾನುವಾರ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನನ್ನ ಆಫೀಸಿನವರಂತೂ ಕುರ್ಚಿಯಿಂದ ಜಾರಿದರು. ಸಂಘದ ಅಧ್ಯಕ್ಷರು ನನ್ನನ್ನು ದಾಟಿ ಹೋಗಿ ಅತ್ತೆ ಸೊಸೆಗೆ ಕೈಮುಗಿದು, ಇನ್ನೊಂದು ಚಿತ್ರ ಮಾಡಿಕೊಡಿ ಎಂದು ಬೇಡಿದರು.

"ಮಾಡೋಣ. ಆದರೆ ಡೈರೆಕ್ಟರ್ ಬದಲಾಗಬೇಕು" ಎಂದಳು ಅಮ್ಮ.

ಹೆಂಡತಿ ಒಡನೆಯೇ ತಲೆಯಾಡಿಸಿದಳು. ನನ್ನ ಮದುವೆಯಾದ ಮೇಲೆ ಇಬ್ಬರೂ ಒಂದೇ ಮಾತಿಗೆ ಬಂದದ್ದು ಎರಡೇ ಸಲ, ಎರಡೂ ಸಲ ನನ್ನ ವಿರುದ್ಧವೇ.

"ಇವರನ್ನ ಪೂರ್ತಿ ಬಿಡೋದು ಬೇಡ ಅತ್ತೆ, ಬೈಸಿಕೊಳ್ಳೋಕೆ ಇರಲಿ" ಎಂದಳು ಅವಳು. "ಅದೊಂದು ಚೆನ್ನಾಗಿ ಮಾಡ್ತಾರೆ."