ನಾನು ತಡೆಹಿಡಿದ ದೇವರ ಕಾರ್ಡುಗಳು

ಪರರ ಪತ್ರ ಓದುವುದು ತಪ್ಪು ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಕಾರ್ಡು ಪತ್ರ ಹೌದೋ ಅಲ್ಲವೋ ಎಂಬ ಬಗ್ಗೆ ನನಗೆ ಮೊದಲಿನಿಂದಲೂ ಸಂಶಯ. ಲಕೋಟೆಗೆ ಅಂಟು ಇರುತ್ತದೆ, ಒಂದು ಮರ್ಯಾದೆ ಇರುತ್ತದೆ. ಕಾರ್ಡು ಹಾಗಲ್ಲ, ಬಾಗಿಲು ತೆರೆದಿಟ್ಟು ಒಳಗೆ ಕೂತು ಜೋರಾಗಿ ಮಾತಾಡುವ ಮನೆಯಿದ್ದಂತೆ. ಹಾದು ಹೋಗುವವನ ಕಿವಿಗೆ ಬಿದ್ದರೆ ಅವನದೇನು ತಪ್ಪು? ಈ ವಾದವನ್ನು ನಾನು ನನ್ನ ಹೆಂಡತಿ ಪದ್ಮಾವತಿಯ ಮುಂದೆ ಅನೇಕ ಸಲ ಮಂಡಿಸಿದ್ದೇನೆ. ಆಕೆ ಪೂರ್ತಿ ಕೇಳಿ, ಆಮೇಲೆ ದೇಸಾಯರ ಮನೆಯ ಸೊಸೆ ಬಾಣಂತನಕ್ಕೆ ಯಾವಾಗ ಹೋಗುತ್ತಾಳೆ ಎಂದು ನನ್ನನ್ನೇ ವಿಚಾರಿಸುತ್ತಿದ್ದಳು.

ರೋಣ ತಾಲೂಕಿನ ಒಂದು ಊರಿನಲ್ಲಿ ನಾನು ಟಪಾಲ ಮಾಸ್ತರನಾಗಿದ್ದೆ. ಊರಿನ ಹೆಸರು ಬೇಡ, ಅಲ್ಲಿಯ ಜನ ಇನ್ನೂ ನನ್ನ ಮೇಲೆ ಒಳ್ಳೆಯ ಅಭಿಪ್ರಾಯ ಇಟ್ಟುಕೊಂಡಿದ್ದಾರೆ. ನಮ್ಮ ಸೀಮೆ ಮುಂಬಯಿ ಬಿಟ್ಟು ಮೈಸೂರಿಗೆ ಸೇರುತ್ತದಂತೆ ಎಂದು ಪೇಟೆಯ ಕಟ್ಟೆಗಳ ಮೇಲೆ ವಾದ ನಡೆದಿದ್ದ ಕಾಲ ಅದು. ಕಚೇರಿಯೆಂದರೆ ಒಂದು ಕೋಣೆ, ಒಂದು ಮೇಜು, ನಾನು, ಮತ್ತು ಟಪಾಲು ಹಂಚುವ ಫಕೀರಪ್ಪ. ಫಕೀರಪ್ಪ ಕಾರ್ಡು ಓದುತ್ತಿರಲಿಲ್ಲ. ಅವನಿಗೆ ಓದಲು ಬರುತ್ತಿತ್ತು, ಆದರೂ ವಿಳಾಸದ ಕೊನೆಯ ಅಕ್ಷರ ಮುಗಿದ ಕೂಡಲೇ ಅವನ ಕಣ್ಣು ನಿಂತುಬಿಡುತ್ತಿತ್ತು. ಅಂಚಿಗೆ ಅರಿಶಿನ ಹಚ್ಚಿದ ಲಗ್ನದ ಕಾರ್ಡನ್ನೂ ಮೂಲೆ ಹರಿದ ಸಾವಿನ ಕಾರ್ಡನ್ನೂ ಒಂದೇ ಮಡಿಕೆಯಲ್ಲಿ ಇಡಬಾರದೆಂದು ಚೀಲದೊಳಗೆ ತಾನೇ ಒಂದು ಬೇರೆ ಕಿಸೆ ಹೊಲಿದುಕೊಂಡಿದ್ದ. ಇಂಥವನ ಎದುರಿಗೆ ದಿನವೂ ಕುಳಿತುಕೊಳ್ಳುವುದು ನನ್ನಂಥವನಿಗೆ ಸುಖದ ಮಾತಲ್ಲ.

ಆ ವರ್ಷ ದೇವರ ಕಾರ್ಡುಗಳ ಹಾವಳಿ ಎದ್ದಿತು. ಯಾವುದೋ ಬೆಟ್ಟದ ಮೇಲೆ ದೇವರು ಹಾವಿನ ರೂಪದಲ್ಲಿ ಪೂಜಾರಿಯ ಜೊತೆ ಮಾತಾಡಿತಂತೆ. ಈ ಸುದ್ದಿಯನ್ನು ಹನ್ನೊಂದು ಕಾರ್ಡುಗಳಲ್ಲಿ ಬರೆದು ಕಳಿಸಿದವರಿಗೆ ಹನ್ನೊಂದು ದಿನದಲ್ಲಿ ಶುಭವಂತೆ. ಅಲಕ್ಷ್ಯ ಮಾಡಿದ ಒಬ್ಬ ವ್ಯಾಪಾರಿಯ ಎತ್ತು ಸತ್ತಿತಂತೆ. ಕೈಯಿಂದ ಕೈಗೆ ನಕಲಾಗುತ್ತ ಸುದ್ದಿ ಬೆಳೆಯಿತು. ಯಾರೋ ಅವಸರದವರು ‘ಎತ್ತು’ ಎಂಬುದನ್ನು ‘ಅತ್ತಿ’ ಎಂದು ಬರೆದುಬಿಟ್ಟರು. ಅಲ್ಲಿಂದ ಮುಂದೆ ಕಾರ್ಡು ಅಲಕ್ಷ್ಯ ಮಾಡಿದವರ ಅತ್ತೆಯರು ಸಾಯತೊಡಗಿದರು. ಅದನ್ನು ಓದಿ ಎಷ್ಟು ಸೊಸೆಯರು ಬೇಕೆಂದೇ ಅಲಕ್ಷ್ಯ ಮಾಡಿದರೋ ನನಗೆ ಗೊತ್ತಿಲ್ಲ.

ನಾನು ವಿಚಾರವಂತ. ಹಾಗೆಂದು ನನಗೆ ನಾನೇ ಹೇಳಿಕೊಂಡಿದ್ದೆ. ದೇಶ ಸ್ವತಂತ್ರವಾಗಿದೆ, ಆಣೆಕಟ್ಟು ಕಟ್ಟುತ್ತಿದ್ದಾರೆ, ಇಲ್ಲಿ ನೋಡಿದರೆ ಜನ ಹಾವಿನ ಮಾತು ನಕಲು ಮಾಡುತ್ತ ಕೂತಿದ್ದಾರೆ! ಇದಕ್ಕೆ ಸರಕಾರ ಏನಾದರೂ ಮಾಡಬೇಕು ಎಂದು ಒಂದು ದಿನ ಯೋಚಿಸುತ್ತಿದ್ದಾಗ, ಆ ಕೋಣೆಯ ಮಟ್ಟಿಗೆ ಸರಕಾರ ನಾನೇ ಎಂಬುದು ಹೊಳೆಯಿತು. ಕೈಯಲ್ಲಿ ಮುದ್ರೆಯಿತ್ತು, ಎದುರಿಗೆ ಮಸಿಯಿತ್ತು. ನಾನು ಮುದ್ರೆ ಒತ್ತಿದರೆ ಕಾರ್ಡು ಹೋಗುತ್ತದೆ, ಒತ್ತದಿದ್ದರೆ ಇಲ್ಲ. ಅಂದಿನಿಂದ ಡಬ್ಬಿಯಲ್ಲಿ ಬಿದ್ದ ಕಾರ್ಡಿನ ಮೇಲೆ ‘ಬೆಟ್ಟದ ದೇವರು’ ಎಂಬ ಎರಡು ಶಬ್ದ ಕಂಡರೆ ಸಾಕು, ಮುಂದೆ ಓದದೆ ಮೇಜಿನ ಕೆಳಗಿನ ಖಾನೆಗೆ ಎಸೆಯತೊಡಗಿದೆ. ಜೀವಮಾನವೆಲ್ಲ ಕಾರ್ಡು ಪೂರ್ತಿ ಓದಿದವನು, ಓದಲೇಬೇಕಾದ ಹೊತ್ತಿನಲ್ಲಿ ಎರಡೇ ಶಬ್ದಕ್ಕೆ ನಿಲ್ಲಿಸಿದೆ. ಹೊರಗೆ ಹೋಗುವ ಕಾರ್ಡು ಕಡಿಮೆಯಾದವಲ್ಲ ಎಂದು ಫಕೀರಪ್ಪ ಕೇಳಿದ. ಜನಕ್ಕೆ ಬುದ್ಧಿ ಬಂದಿದೆ ಎಂದೆ. ಅವನು ಖಾನೆಯ ಕಡೆ ನೋಡಲಿಲ್ಲ. ನೋಡದೆ ಇದ್ದ ರೀತಿ ನನಗೆ ಸರಿಬರಲಿಲ್ಲ.

ಸಂತೆಯ ದಿನ ಲಕ್ಕಲಕಟ್ಟಿಯಿಂದ ನೀಲವ್ವ ಎಂಬ ಹೆಂಗಸು ಬರುತ್ತಿದ್ದಳು. ಅರವತ್ತರ ಹತ್ತಿರದ ವಯಸ್ಸು, ಉಳ್ಳವರ ಮನೆಯಾಕೆ, ತಲೆಯ ಮೇಲಿನ ಸೆರಗು ಒಂದು ಬೆರಳಿನಷ್ಟೂ ಜರುಗದ ಗಂಭೀರೆ. ಕೊಣ್ಣೂರಿನಿಂದ ತನಗೆ ಕಾರ್ಡು ಬಂದಿದೆಯೇ ಎಂದು ಕೇಳುವಳು. ನಾನು ಇಲ್ಲ ಎನ್ನುವೆ. ಆಕೆ ಹೋಗುವಳು. ನಾಲ್ಕು ಸಂತೆ ಹೀಗೇ ಕಳೆದವು. ಐದನೆಯ ಸಂತೆಗೆ ಆಕೆ ಹೋಗಲಿಲ್ಲ, ಬಾಗಿಲ ಬದಿಯ ಬಾಕಿನ ಮೇಲೆ ಕೂತಳು. ನೀರು ಕೇಳಿ ಕುಡಿದು, ನಾನು ಕೇಳದಿದ್ದರೂ ಹೇಳತೊಡಗಿದಳು.

ಕೊಣ್ಣೂರು ಆಕೆಯ ತವರು. ಅಲ್ಲಿ ಒಬ್ಬನೇ ತಮ್ಮ, ಶೇಖಪ್ಪ. ಅವನು ದೇವರು ದಿಂಡರನ್ನು ನಂಬುವವನಲ್ಲ. ತಾಯಿ ಹಾಸಿಗೆ ಹಿಡಿದಾಗ ಈಕೆ ಹರಕೆ ಹೊತ್ತಳು. ಅವನು ಹರಕೆಗೆ ಅಡ್ಡ ಬಂದು ತಾಯಿಯನ್ನು ದವಾಖಾನೆಗೆ ಒಯ್ದ. ತಾಯಿ ಅಲ್ಲಿಯೇ ತೀರಿದಳು. ನಿನ್ನ ನಾಸ್ತಿಕತನ ಅವ್ವನನ್ನು ನುಂಗಿತು ಎಂದು ಈಕೆ ಹತ್ತು ಜನರ ನಡುವೆ ಅಂದಳು. ಹಾಗಾದರೆ ನಾಸ್ತಿಕನ ಹೊಸ್ತಿಲು ತುಳಿಯಬೇಡ ಎಂದು ಅವನೂ ಅಂದ. ಹನ್ನೆರಡು ವರ್ಷ ಇಬ್ಬರೂ ಆಡಿದ ಮಾತು ನಡೆಸಿದರು. ಈಗ ಅವಳಿಗೆ ತಮ್ಮನ ಮುಖ ನೋಡಬೇಕೆನಿಸಿತ್ತು. ತಾನಾಗಿ ಕರೆಯಲು ಸೊಕ್ಕು ಬಿಡಲಿಲ್ಲ. ಅಷ್ಟರಲ್ಲಿ ಮನೆಗೆ ಒಂದು ದೇವರ ಕಾರ್ಡು ಬಂತು. ಚಿಕ್ಕಂದಿನಲ್ಲಿ ತಮ್ಮನ ಪಾಟಿಯ ಮೇಲೆ ಕಲಿತ ಅಕ್ಷರ ನೆನೆಸಿಕೊಂಡು, ಮೂರು ದಿನ ಕೂತು, ಹನ್ನೊಂದು ಕಾರ್ಡು ಬರೆದು, ಸಂತೆಗೆ ಬಂದಾಗ ನಮ್ಮ ಡಬ್ಬಿಗೆ ಹಾಕಿದಳು.

ಹನ್ನೊಂದರಲ್ಲಿ ಒಂದನ್ನು ತಮ್ಮನಿಗೆ ಬರೆದಿರಾ ಎಂದು ಕೇಳಿದೆ.

“ಹನ್ನೊಂದೂ ಅವಗ ಬರದೇನ್ರಿ,” ಎಂದಳು. “ಹನ್ನೊಂದು ಕಾರ್ಡು ಬರೀರಿ ಅಂತ ಇತ್ತು, ಹನ್ನೊಂದು ಮಂದಿಗಿ ಅಂತ ಇದ್ದಿಲ್ಲ. ದೇವರ ಹೆಸರು ಕೇಳಿದ್ರ ಅವಗ ಮೈ ಉರೀತೈತಿ. ಬೈಯಾಕರ ಬರ್ತಾನ ಅಂತ ತಿಳದಿದ್ದೆ. ಅಂಥಾ ಬೈಯೂ ಮನಶ್ಯಾ ಸುಮ್ಮನಾಗ್ಯಾನಂದ್ರ, ಒಂದು ಅವ ಸತ್ತಿರಬೇಕು, ಇಲ್ಲಾ ನಾ ಅವನ ಪಾಲಿಗಿ ಸತ್ತಿರಬೇಕು. ಯಾವುದು ಅಂತ ತಿಳೀವಲ್ದು.”

ಆಕೆ ಎದ್ದು ಹೋದ ಮೇಲೆ ಖಾನೆ ಎಳೆದೆ. ದೊಡ್ಡ ದೊಡ್ಡ ಅಕ್ಷರದ, ಸಾಲು ಬಲಕ್ಕೆ ಇಳಿದ ಹನ್ನೊಂದು ಕಾರ್ಡುಗಳು ಅಲ್ಲಲ್ಲಿ ಸಿಕ್ಕವು. ಪ್ರತಿಯೊಂದರ ಕೆಳಗೂ, ಹಾವು ಪೂಜಾರಿಗಳ ಕತೆ ಮುಗಿದ ಮೇಲೆ, ಒಂದು ಸಾಲು ಹೆಚ್ಚಿಗಿತ್ತು: ‘ಬೈಯುವುದಿದ್ದರೆ ಬಂದು ಬೈ. ನಿನ್ನ ಅಕ್ಕ.’

ಫಕೀರಪ್ಪ ಬಂದಾಗ ಖಾನೆ ತೆರೆದೇ ಇತ್ತು. ಅವನು ನೋಡಿದ, ನಾನು ಎಲ್ಲ ಹೇಳಿದೆ. ಅವನು ಬೈಯಲಿಲ್ಲ. ಉಳಿದ ಕಾರ್ಡುಗಳನ್ನು ಗೋಡೆಯ ಕಡೆ ಮುಖ ಮಾಡಿ ಕೂತು ಊರುವಾರು ಜೋಡಿಸಿದ, ನಾನು ಒಂದೊಂದಕ್ಕೂ ಮುದ್ರೆ ಒತ್ತಿದೆ. ಆ ಹನ್ನೊಂದಕ್ಕೆ ಮಾತ್ರ ಒತ್ತಲು ಕೈ ಬರಲಿಲ್ಲ. ಪದ್ಮಾವತಿಗೆ ಹೇಳಿದಾಗ ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಮರುದಿನ ರವಿವಾರ, ನರಗುಂದಕ್ಕೆ ಮುಂಜಾನೆ ಬಸ್ಸಿದೆ ಎಂದಷ್ಟೇ ನೆನಪಿಸಿದಳು.

ನರಗುಂದದಲ್ಲಿ ಬಸ್ಸು ಬದಲಿಸಿ ಕೊಣ್ಣೂರಿಗೆ ಹೋದೆ. ಮಲಪ್ರಭೆ ಕೆಂಪಗೆ ತುಂಬಿ ಹರಿಯುತ್ತಿದ್ದಳು. ಪುಣ್ಯಕ್ಕೆ ಊರು ಈಚೆಯ ದಂಡೆಯಲ್ಲೇ ಇತ್ತು. ಶೇಖಪ್ಪ ಕಟ್ಟೆಯ ಮೇಲೆ ಕೂತು ಬೀಜದ ಜೋಳ ಆರಿಸುತ್ತಿದ್ದ. ಬದುಕಿದ್ದಾನೆ ಎಂದು ನನಗಾದ ಸಂತೋಷ ಅವನ ಹೆಂಡತಿಗೂ ಎಂದೂ ಆಗಿರಲಿಕ್ಕಿಲ್ಲ. ಕಾರ್ಡುಗಳನ್ನು ಅವನ ಕೈಗಿಟ್ಟೆ. ಒಂದೇ ಮಾತು ಬರೆದ ಹನ್ನೊಂದು ಕಾರ್ಡುಗಳನ್ನು ಅವನು ಒಂದಾದ ಮೇಲೊಂದು, ಮೊದಲಿನಿಂದ ಕೊನೆಯ ತನಕ ಓದಿದ. ನಡುವೆ ದೇವರನ್ನು ಬೈದ, ಹಾವನ್ನು ಬೈದ, ಅಕ್ಕನಿಗೆ ಇನ್ನೂ ಲಕಾರ ಳಕಾರ ತಿಳಿಯಲಿಲ್ಲವೆಂದು ಬೈದ. ಹನ್ನೊಂದನೆಯದು ಮುಗಿದ ಮೇಲೆ ಕನ್ನಡಕ ತೆಗೆದು ಧೋತರದ ಅಂಚಿನಿಂದ ಬಹಳ ಹೊತ್ತು ಒರೆಸಿದ.

ಇವು ಇಷ್ಟು ತಡವೇಕೆ ಎಂದು ಆಮೇಲೆ ಕೇಳಿದ. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನಾನೂ ನಿಮ್ಮ ಹಾಗೆಯೇ ಮೂಢನಂಬಿಕೆಯ ವಿರೋಧಿ ಎಂದು ಕೊನೆಗೆ ಸೇರಿಸಿದೆ. ನಮ್ಮವನೇ ಸಿಕ್ಕನೆಂಬ ಧೈರ್ಯ ನನಗೆ. ಶೇಖಪ್ಪ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

“ನಾ ದೇವರನ್ನ ನಂಬೂದಿಲ್ಲ, ಖರೇ,” ಎಂದ. “ಆದ್ರ ಟಪಾಲ ನಂಬಿದ್ದೆ.”

ಅವನು ಚಹಾ ತರಿಸಿ ಕುಡಿಸಿದ. ಮೂರು ತುತ್ತು ಅವಲಕ್ಕಿ ತಿನ್ನದೆ ಏಳಗೊಡಲಿಲ್ಲ. ಮರುದಿನವೇ ಲಕ್ಕಲಕಟ್ಟಿಗೆ ಹೋಗಿ ಒಂದು ಮಧ್ಯಾಹ್ನವೆಲ್ಲ ಅಕ್ಕನನ್ನು ಬೈದು, ಹಸಿದು, ಆಕೆಯ ಕೈಯ ಊಟ ಮಾಡಿ, ಎಂಟು ದಿನ ಅಲ್ಲಿಯೇ ಉಳಿದನಂತೆ. ಆ ಎಂಟು ದಿನವೂ ವಾದ ನಡೆಯಿತಂತೆ. ಅವಳು ದೇವರನ್ನು ಬಿಡಲಿಲ್ಲ, ಅವನು ಹಿಡಿಯಲಿಲ್ಲ.

ಮುಂದಿನ ಸಂತೆಗೆ ನೀಲವ್ವ ಬಂದಳು. ಶೇಖಪ್ಪ ಹೇಳಿರುತ್ತಾನೆಂದು ಗೊತ್ತಿದ್ದರೂ ನನ್ನ ಬಾಯಿಂದಲೇ ತಪ್ಪು ಒಪ್ಪಿಕೊಂಡೆ. ಆಕೆಯ ಕೈಯಲ್ಲಿದ್ದ ಸಂತೆಯ ಚೀಲವನ್ನೇ ನೋಡುತ್ತ ನಿಂತೆ.

“ಓದೂದಾದ್ರ ಪೂರಾ ಓದಬೇಕ್ರಿ, ಮಾಸ್ತರ,” ಎಂದಳು. “ಅರ್ಧಾ ಓದಿದ್ರ ಹಿಂಗಾಗತೈತಿ.”

ಅಲ್ಲಿಗೆ ನನ್ನ ಶಿಕ್ಷೆ ಮುಗಿಯಿತೆಂದು ತಿಳಿದೆ. ನೀಲವ್ವ ನನ್ನ ಗುಟ್ಟನ್ನು ಯಾರ ಮುಂದೆಯೂ ಬಿಡಲಿಲ್ಲ; ಊರವರ ಗುಟ್ಟು ಓದಿದವನ ಗುಟ್ಟನ್ನು ಕಾಯ್ದಳು. ಆದರೆ ಜನಕ್ಕೆ ಏನಾದರೂ ಹೇಳಬೇಕಲ್ಲ? ದೇವರ ಕಾರ್ಡು ಬರೆದೆ, ಟಪಾಲ ಮಾಸ್ತರರು ಸ್ವತಃ ಹೊತ್ತುಕೊಂಡು ಹೋಗಿ ಮುಟ್ಟಿಸಿದರು, ಹನ್ನೆರಡು ವರ್ಷ ಬಾರದ ತಮ್ಮ ಮನೆಗೆ ಬಂದ ಎಂದು ಹೇಳಿದಳು. ಅದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಅಸೂಟಿಯಂಥ ಬೇರೆ ಊರಿನಿಂದಲೂ ಜನ ದೇವರ ಕಾರ್ಡು ಹಿಡಿದು ಬರತೊಡಗಿದರು. ಡಬ್ಬಿಗೆ ಹಾಕುವುದಿಲ್ಲ, ನನ್ನ ಕೈಗೇ ಕೊಡಬೇಕು, ಅವರ ಎದುರಿಗೇ ನಾನು ಮುದ್ರೆ ಒತ್ತಬೇಕು. ಯಾಕೆಂದರೆ ಮಾಸ್ತರರ ಕೈಗುಣ ಚಲೋ. ಅದು ಸುಳ್ಳೆಂದು ಹೇಳಬೇಕಾದರೆ ಖಾನೆಯ ಕತೆ ಹೇಳಬೇಕು. ಹೇಳುವ ಧೈರ್ಯ ನನಗಿರಲಿಲ್ಲ. ಹೀಗಾಗಿ ರೋಣ ತಾಲೂಕಿನಲ್ಲಿ ಮೂಢನಂಬಿಕೆ ಹಬ್ಬಿಸಿದ ವಿಚಾರವಂತ ನಾನೊಬ್ಬನೇ ಇರಬೇಕು. ಯಾವನೋ ಎಮ್ಮೆ ಕರು ಹಾಕಿತೆಂದು ಗಿಣ್ಣ ತಂದುಕೊಟ್ಟ, ಯಾವಳೋ ಮಗಳ ಲಗ್ನ ಗೊತ್ತಾಯಿತೆಂದು ಹೋಳಿಗೆ ಕಳಿಸಿದಳು. ಬೇಡ ಎನ್ನುವಷ್ಟು ವಿಚಾರವಂತ ನಾನಲ್ಲ, ತಿಂದೆ. ಜನವೆಲ್ಲ ಹೋದ ಮೇಲೆ ಒಮ್ಮೊಮ್ಮೆ, ಫಕೀರಪ್ಪನೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಮಸಿ ಹತ್ತಿದ ನನ್ನ ಬಲಗೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡದ್ದೂ ಉಂಟು. ಯಾರಿಗೆ ಗೊತ್ತು, ಏನಾದರೂ ಇದ್ದರೂ ಇರಬಹುದು.