ಹಲ್ಲಿನ ಡಾಕ್ಟರ ಹುಲ್ಲು

ಭಾನುವಾರ ಬೆಳಿಗ್ಗೆ ಹಲ್ಲಿನ ಡಾಕ್ಟರು ಕಾಫಿ ಲೋಟ ಹಿಡಿದು ಬರಿಗಾಲಲ್ಲಿ ಅಂಗಳದ ಹೊಸ ಹುಲ್ಲಿನ ಮೇಲೆ ಹೆಜ್ಜೆ ಇಟ್ಟರು. ಹುಲ್ಲು ‘ಪಚಕ್’ ಎಂದಿತು. ಇನ್ನೊಂದು ಹೆಜ್ಜೆ ಇಟ್ಟರು. ಆಚೆ ಮೂಲೆಯಲ್ಲಿ ಹುಲ್ಲು ಹೊಟ್ಟೆ ಉಬ್ಬಿಸಿತು. ಒಂದು ಚಿಲುಮೆ ಚಿಮ್ಮಿ, ತಂತಿಯ ಮೇಲಿದ್ದ ಹಾಸಿಗೆಯ ಹೊದಿಕೆಗೆ ಕೆಸರಿನ ಅಭಿಷೇಕವಾಯಿತು.

“ರೀ, ಇದೇನು ಅಂಗಳಾನಾ, ಕೆರೆಗೆ ಹಾಸಿದ ಜಮಖಾನಾನಾ?” ಎಂದರು ಹೆಂಡತಿ.

ಅದು ಪ್ಲಾಸ್ಟಿಕ್ ಹುಲ್ಲು. ಎಡಗಡೆಯ ಇಂಜಿನಿಯರೂ ಬಲಗಡೆಯ ವಕೀಲರೂ ಹಾಸಿಕೊಂಡಿದ್ದನ್ನು ಕಂಡು, ಹೊಟ್ಟೆ ಉರಿದು, ಡಾಕ್ಟರೂ ಹಾಸಿದ್ದರು. “ಹಾಸಿ, ಮರೆತುಬಿಡಿ ಸಾರ್” ಎಂದಿದ್ದ ಅಂಗಡಿಯವನು. ಕೆಳಗಿದ್ದ ಜೇಡಿಮಣ್ಣನ್ನು ಅವನೂ ಮರೆತ, ಇವರೂ ಮರೆತರು. ಮಳೆ ಮಾತ್ರ ಮರೆಯಲಿಲ್ಲ. ಜೇಡಿಮಣ್ಣೆಂದರೆ ಜಿಪುಣನ ಮುಷ್ಟಿ. ಹಿಡಿದ ನೀರನ್ನು ತಾನೂ ಕುಡಿಯದು, ಕೆಳಕ್ಕೂ ಬಿಡದು.

ಬೇರೆ ದಿನವಾಗಿದ್ದರೆ ಡಾಕ್ಟರು ಬಾಗಿಲು ಹಾಕಿಕೊಂಡು ಸುಮ್ಮನಿರುತ್ತಿದ್ದರು. ಆದರೆ ಸಂಜೆ ಷಡ್ಡಕ ಬರುವವನಿದ್ದ. ಹೋದ ಸಲ ಬಂದಾಗ ಇವರ ಹೊಸ ಸೋಫಾ ಒತ್ತಿ ನೋಡಿ “ಪರವಾಗಿಲ್ಲ, ಬಾಡಿಗೆಗೆ ತಂದಿದ್ದಾ?” ಎಂದ ಮಹಾನುಭಾವ ಅವನು. ಅವನಿಗೆ ಡಾಕ್ಟರು ಫೋನಿನಲ್ಲಿ “ಈ ಸಲ ಕಾಫಿ ನಮ್ಮ ಹುಲ್ಲಿನ ಮೇಲೇ ಅಣ್ಣ!” ಎಂದು ಬಾಯಿ ಬಿಟ್ಟಾಗಿತ್ತು.

ಎಡಗೋಡೆಯ ಮೇಲೆ ಇಂಜಿನಿಯರ ತಲೆ ಮೂಡಿತು. “ಹುಲ್ಲು ಸುತ್ತಿಡಿ. ಹಾರೆ ತಗೊಂಡು ಅಲ್ಲಲ್ಲಿ ತೂತು ಕೊರೀರಿ. ಹಲ್ಲು ಕೊರೆಯೋರಿಗೆ ನೆಲ ಯಾವ ಲೆಕ್ಕ?”

ನೆನೆದ ಹುಲ್ಲು ಆನೆಮರಿಯಷ್ಟು ಭಾರವಿತ್ತು. ಗಂಡಹೆಂಡತಿ ಇಬ್ಬರೂ ಉರುಳಿಸಿ ಬದಿಗಿಟ್ಟರು. ಕೆಳಗಿನಿಂದ ಎದ್ದ ವಾಸನೆಗೆ, ದಿನವೂ ಹತ್ತಾರು ಬಾಯಿಯೊಳಗೆ ಮೂಗಿಡುವ ಡಾಕ್ಟರೇ ಮುಖ ತಿರುಗಿಸಿದರು. ತೂತು ಕೊರೆದರು. ಪ್ರತಿ ತೂತೂ ನೀರು ತುಂಬಿಕೊಂಡು ಲೋಟದಂತೆ ಕೂತಿತು. ಒಂದರೊಳಗೆ ಕಪ್ಪೆಯೊಂದು ಗೃಹಪ್ರವೇಶವನ್ನೂ ಮಾಡಿತು.

“ಇಂಜಿನಿಯರ್ ಸಾಹೇಬ್ರೇ, ನಿಮ್ಮಂಗಳದಲ್ಲಿ ಹೀಗೆ ನೀರು ನಿಲ್ಲಲ್ವಾ?”

ಇಂಜಿನಿಯರು ಕೆಮ್ಮಿದರು. “ನಮ್ದು ಬೇರೆ ಥರ ಬಿಡಿ. ನೀವು ಗೋಡೆ ಬುಡದಲ್ಲಿ ಚೆನ್ನಾಗಿ ಆಳವಾಗಿ ಕಾಲುವೆ ತೋಡಿ, ಜಲ್ಲಿ ಹಾಕಿ, ತೂತಿನ ಪೈಪ್ ಮಲಗಿಸಿ. ಗೇಟಿನ ಕೆಳಗಿಂದ ರಸ್ತೆ ಚರಂಡಿಗೆ ಬಿಟ್ಟರೆ ಮುಗೀತು.”

ಬಲಗೋಡೆಯ ಮೇಲೆ ವಕೀಲರು ಪ್ರತ್ಯಕ್ಷರಾದರು. “ಆಕ್ಷೇಪಣೆ! ಆ ಕಡೆ ಮಾತ್ರ ತೋಡಿದ್ರೆ ಈ ಕಡೆ ನೀರೆಲ್ಲ ನನ್ನ ಗೋಡೆಗೆ ಬರುತ್ತೆ. ನ್ಯಾಯ ಅಂದ್ರೆ ಎರಡೂ ಕಡೆ ಒಂದೇ.”

ಡಾಕ್ಟರ ಇಡೀ ವೃತ್ತಿಯಲ್ಲಿ ಎದುರಿಗಿದ್ದವರು ಬಾಯಿ ಅಗಲಿಸಿಯೂ ಮಾತಾಡಿದ್ದಿಲ್ಲ. ಇಲ್ಲಿ ಎರಡು ಬಾಯಿ, ಮುಚ್ಚಿಸಲು ಹತ್ತಿಯೂ ಇಲ್ಲ. ಸುಮ್ಮನೆ ಎರಡೂ ಗೋಡೆಗುಂಟ ತೋಡಿದರು. ಸಲಿಕೆಗೆ ಅಂಟಿದ ಮಣ್ಣು ಬಿಡದು, ಮಣ್ಣಿಗೆ ಅಂಟಿದ ಚಪ್ಪಲಿ ಬಾರದು. ಇನ್ನು ಪೈಪು, ಜಲ್ಲಿಗೆ ಎಲ್ಲಿಗೆ ಹೋಗುವುದು ಎಂದು ಸೊಂಟ ಹಿಡಿದು ನಿಂತಾಗ, ಇಂಜಿನಿಯರ ಗ್ಯಾರೇಜಿನಿಂದ ಪೈಪೂ ವಕೀಲರ ಹಿತ್ತಲಿನಿಂದ ಜಲ್ಲಿಯೂ ಗೋಡೆ ದಾಟಿ ಬಂದವು.

“ಅಕ್ಕಪಕ್ಕದವರು ಅಂದ್ರೆ ಇಷ್ಟೂ ಆಗದಿದ್ರೆ ಹೇಗೆ?” ಎಂದರು ವಕೀಲರು. ಡಾಕ್ಟರ ಕಣ್ಣು ತುಂಬಿ ಬಂತು.

ಮಧ್ಯಾಹ್ನದ ಹೊತ್ತಿಗೆ ಎರಡೂ ಕಾಲುವೆಗಳನ್ನು ಗೇಟಿನ ಬಳಿ ಒಂದೇ ಪೈಪಿಗೆ ಕೂಡಿಸಿ ಮುಚ್ಚಿ, ಮಣ್ಣು ಸಮ ಮಾಡಿ, ಹುಲ್ಲು ಮತ್ತೆ ಹಾಸಿಯಾಯಿತು. ಹೆಂಡತಿ ಒಂದು ಬಕೆಟ್ ನೀರು ಸುರಿದರು. ಗೇಟಿನಾಚೆ ಪೈಪು ಗುಳುಗುಳು ಎಂದು ಉಗುಳಿತು.

“ಭೇಷ್ ರೀ!” ಎಂದರು ಹೆಂಡತಿ. ಮದುವೆಯಾದಂದಿನಿಂದ ಆ ಮಾತು ಅವರ ಬಾಯಲ್ಲಿ ಬಂದಿರಲಿಲ್ಲ.

ಡಾಕ್ಟರು ಹಾಡುತ್ತಾ ಸ್ನಾನಕ್ಕೆ ಹೋದರು. ಎರಡೂ ಪಕ್ಕದ ಮನೆಗಳಿಂದ ‘ಗ್ರ್‌ರ್’ ಎಂದು ಗೋಡೆ ಕೊರೆಯುವ ಸದ್ದು ಕೇಳಿಸಿತು. ಪಟ ತೂಗುಹಾಕುತ್ತಿರಬೇಕು ಎಂದುಕೊಂಡರು. ಕ್ಲಿನಿಕ್ಕಿನಲ್ಲಿದ್ದಷ್ಟೇ ಹಿತವೆನಿಸಿತು.

ಸಂಜೆ ಷಡ್ಡಕ ಹೆಂಡತಿಯೊಡನೆ ಬಂದ. ಹುಲ್ಲನ್ನು ತುಳಿದು ನೋಡಿದ, ಕಿತ್ತು ನೋಡಿದ, ಬಗ್ಗಿ ಮೂಸಿಯೂ ನೋಡಿದ. ತಪ್ಪೇ ಸಿಗದೆ ಮುಖ ಹುಳಿಯಾಯಿತು. ಡಾಕ್ಟರು ಎದೆಯುಬ್ಬಿಸಿ ಕುರ್ಚಿ ಹಾಕಿದರು. ಅಷ್ಟರಲ್ಲಿ ಜಡಿಮಳೆ ಹುಯ್ಯಿತು. ಎಲ್ಲರೂ ಜಗಲಿಗೆ ಓಡಿದರು.

“ನಿಂತಮೇಲೆ ನೋಡಿ ಅಣ್ಣ, ಒಂದು ತೊಟ್ಟೂ ಇರಲ್ಲ!”

ಮಳೆ ನಿಂತಿತು. ನೀರು ಮಾತ್ರ ನಿಲ್ಲಲಿಲ್ಲ, ಏರತೊಡಗಿತು. ಹುಲ್ಲು ತೇಲಿತು, ಕುರ್ಚಿಗಳು ತೇಲಿದವು. ಡಾಕ್ಟರು ಪಂಚೆ ಎತ್ತಿ ಕಟ್ಟಿ ಇಳಿದು ನೋಡುತ್ತಾರೆ: ಎರಡೂ ಗೋಡೆಗಳ ಬುಡದಲ್ಲಿ ಸಾಲಾಗಿ ಹೊಸ ತೂತುಗಳು. ಒಂದೊಂದರಿಂದಲೂ ಅವರ ಎತ್ತರದ ಅಂಗಳದ ನೀರು ಧೋ ಎಂದು ಇವರ ಕಾಲುವೆಗೇ ಬೀಳುತ್ತಿದೆ. ಮೂರು ಅಂಗಳದ ನೀರಿಗೆ ಒಂದು ಬಡಪಾಯಿ ಪೈಪು!

“ಡಾಕ್ಟ್ರೇ, ಏನು ಕೆಲಸ ಮಾಡಿದ್ರಿ!” ಇಂಜಿನಿಯರು ಗೋಡೆಯಾಚೆಯಿಂದ ಆನಂದದಿಂದ ಕೂಗಿದರು. “ಎರಡು ವರ್ಷದಿಂದ ಒದ್ದಾಡ್ತಿದ್ದೆ. ನೋಡಿ, ಈಗ ಹೇಗೆ ಒಣಗಿದೆ!”

ಡಾಕ್ಟರು ಅಂಗೈಯಿಂದ ಒಂದು ತೂತು ಮುಚ್ಚಿದರು. ಪಕ್ಕದ ತೂತು ಇನ್ನೂ ಜೋರಾಗಿ ಉಗುಳಿತು.

ಈ ಕಡೆ ವಕೀಲರು ಗೋಡೆಯ ಮೇಲೆ ತಲೆಯಿಟ್ಟು, “ಛೆ ಛೆ, ನೆಂಟರು ನೀರಲ್ಲಿ ನಿಲ್ಲೋದೇ? ಎಲ್ಲರೂ ನಮ್ಮಲ್ಲಿಗೆ ಬನ್ನಿ, ಹುಲ್ಲಿನ ಮೇಲೇ ಕೂತು ಕಾಫಿ ಕುಡಿಯೋಣ” ಎಂದು ಕರೆದರು. ಷಡ್ಡಕ ದಂಪತಿ ಹೊರಟರು. ಕಾಫಿಯ ತಟ್ಟೆ ಹಿಡಿದು ಡಾಕ್ಟರ ಹೆಂಡತಿಯೂ ಹೊರಟರು.

ಸ್ವಲ್ಪ ಹೊತ್ತಿಗೆ ಗೋಡೆಯಾಚೆಯಿಂದ ಷಡ್ಡಕನ ದನಿ ಕೇಳಿಸಿತು: “ಎಂಥಾ ಹುಲ್ಲು ಸ್ವಾಮಿ! ಇಂಥಾ ಮಳೇಲೂ ಒಂದು ಹನಿ ನಿಂತಿಲ್ಲವಲ್ಲ!”

“ಹುಲ್ಲಲ್ಲೇನಿದೆ ಸಾರ್,” ವಕೀಲರು ವಿನಯದಿಂದ ಹೇಳಿದರು, “ನೀರು ಹೋಗೋಕೆ ದಾರಿ ಮಾಡಬೇಕು ಅಷ್ಟೆ.”

ಷಡ್ಡಕನ ತಲೆ ಗೋಡೆಯ ಮೇಲೆ ಬಂತು. ಮೊಣಕಾಲುದ್ದ ನೀರಿನಲ್ಲಿ ನಿಂತ ಡಾಕ್ಟರನ್ನು ಮೇಲಿಂದ ಕೆಳಗೆ ನೋಡಿ, “ಪಕ್ಕದ ಮನೇಲೇ ಇದಾರೆ. ನೋಡಿ ಕಲಿಯೋಕೆ ಏನಪ್ಪಾ ಕಷ್ಟ?” ಎಂದ.

ಅವನ ಹಿಂದಿನಿಂದ ಡಾಕ್ಟರ ಹೆಂಡತಿಯ ಕೂಗು: “ರೀ, ಇಲ್ಲಿ ಕುರ್ಚಿ ಸಾಲ್ತಿಲ್ಲ. ಅಲ್ಲಿ ತೇಲ್ತಿರೋದ್ರಲ್ಲಿ ಎರಡು ಒರೆಸಿ ಈ ಕಡೆ ದಾಟಿಸ್ತೀರಾ?”